ಆದರ್ಶಕ್ಕೂ ಅಂಗುಲದ ಲೆಕ್ಕವುಂಟು

ಮಾನ್ಯ ಸಂಪಾದಕರೇ,

ಆದರ್ಶದ ಮಾತೆತ್ತಿದರೆ ‘ಅದೆಲ್ಲ ಭಾಷಣಕ್ಕೆ ಚಂದ’ ಎಂದು ತಳ್ಳಿಹಾಕುವುದೇ ಜಾಣತನವಾಗಿಬಿಟ್ಟಿದೆ. ಶಿಲ್ಪಿಗಳು ಮಾತ್ರ ಅದನ್ನು ಅಳೆದೇ ಕೆಲಸಕ್ಕೆ ಇಳಿಯುತ್ತಿದ್ದರು. ಶಿಲ್ಪಶಾಸ್ತ್ರದ ನವತಾಲದಲ್ಲಿ, ಅಂದರೆ ಮುಖದ ಒಂಬತ್ತರಷ್ಟು ಎತ್ತರ ಹಿಡಿಯುವ ಅಳತೆಯಲ್ಲಿ, ಮೂರ್ತಿಯ ಎತ್ತರ 108 ಅಂಗುಲ. ಮುಖಕ್ಕೆ 12, ಕೊರಳಿಗೆ 4. ಕೊರಳಿಂದ ಎದೆ, ಎದೆಯಿಂದ ಹೊಕ್ಕುಳು, ಅಲ್ಲಿಂದ ಕಿಬ್ಬೊಟ್ಟೆಯ ಕೊನೆ ತಲಾ 12. ತೊಡೆ 24, ಮಂಡಿ 4, ಕಣಕಾಲು 24, ಪಾದ 4. ಈ ಅಂಗುಲ ಅಂಗಡಿಯ ಪಟ್ಟಿಯದ್ದಲ್ಲ. ಕೆತ್ತಬೇಕಾದ ಮೂರ್ತಿಯ ಎತ್ತರವನ್ನೇ 108 ಪಾಲು ಮಾಡಿದಾಗ ಸಿಗುವ ಒಂದು ಪಾಲು. ಹಾಗಾಗಿ ಆಳೆತ್ತರದ ಮೂರ್ತಿಗೂ ಗೇಣುದ್ದದ್ದಕ್ಕೂ ಒಂದೇ ಲೆಕ್ಕ. ಮುಖ ಒಂದಂಗುಲ ಹೆಚ್ಚಾದರೂ ಉಳಿದ ಅಂಗಗಳು ಕುಗ್ಗಿ ಮೂರ್ತಿ ಕುಳ್ಳಗೆ ಕಾಣುತ್ತದೆ.

ಬೇಲೂರಿನ ದರ್ಪಣಸುಂದರಿ ಸಾಕ್ಷಾತ್ ಶಾಂತಲೆಯೇ ಎನ್ನುವುದು ಗೈಡುಗಳ ಕಥೆ. ಕೇಳಲು ಸೊಗಸು, ಬಿಡಿ. ಆ ಗುಡಿಯ ಮದನಿಕೆಯರು, ಅಂದರೆ ಕಂಬದ ಮೇಲಿನ ಈ ಸುಂದರಿಯರ ಶಿಲ್ಪಗಳು, ಯಾವ ಹೆಣ್ಣಿನ ಪಡಿಯಚ್ಚೂ ಅಲ್ಲ, ಆದರ್ಶದ ರೂಪಗಳು. ಕೆತ್ತಿದವರು ಯಾರೆಂಬುದು ಮಾತ್ರ ಎಷ್ಟೋ ಕಡೆ ಗೊತ್ತು: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣರ ಹೆಸರು ಕಲ್ಲಿನಲ್ಲೇ ಇದೆ.

‘ಜಗತ್ತೇ ಮಿಥ್ಯೆ ಎಂದು ಶಂಕರರೇ ಹೇಳಿದ್ದಾರೆ, ಆಮೇಲೆಂಥ ಕೆಲಸ’ ಎನ್ನುವವರು ಶೃಂಗೇರಿ ಇರುವ ಈ ಜಿಲ್ಲೆಯಲ್ಲೂ ಇದ್ದಾರೆ. ಅವರು ಶಂಕರರದೇ ಬ್ರಹ್ಮಸೂತ್ರಭಾಷ್ಯದ 2.2.28 ತೆರೆದು ನೋಡಲಿ. ಅರಿವಿನ ಹೊರಗೆ ವಸ್ತುವೇ ಇಲ್ಲ ಎಂದ ಬೌದ್ಧ ವಿಜ್ಞಾನವಾದವನ್ನು ಶಂಕರರು ಅಲ್ಲಿ ಖಂಡಿಸುತ್ತಾರೆ. ಕಂಬ, ಗೋಡೆ, ಮಡಕೆ, ಬಟ್ಟೆ ಹೊರಗೇ ಕಾಣುತ್ತಿವೆಯಲ್ಲ ಎಂಬುದು ಅವರ ವಾದ. ಉಣ್ಣುತ್ತ, ತೃಪ್ತಿಪಡುತ್ತಲೇ ‘ನಾನು ಉಣ್ಣುತ್ತಿಲ್ಲ, ತೃಪ್ತಿಯೂ ಆಗುತ್ತಿಲ್ಲ’ ಎನ್ನುವವನ ಮಾತಿಗೆ ಬೆಲೆಯೇನು ಎಂದೂ ಕೇಳುತ್ತಾರೆ. ಬ್ರಹ್ಮಜ್ಞಾನವಾಗುವವರೆಗೆ ಲೋಕದ ವ್ಯವಹಾರವೆಲ್ಲ ನಿಜವೇ.

ಇನ್ನು ನಮ್ಮ ತೋಟಗಳಿಗೆ ಬರೋಣ. ‘ಕೆಂಪು ಹಣ್ಣನ್ನಷ್ಟೇ ಕೊಯ್ಯಿರಿ’ ಎನ್ನುವುದು ಕಾಫಿಯ ಆದರ್ಶ. ಹಸಿರು ಕಾಯಿಯ ಸಿಪ್ಪೆ ಪಲ್ಪರ್‌ನಲ್ಲಿ (ಸಿಪ್ಪೆ ಬಿಡಿಸುವ ಯಂತ್ರದಲ್ಲಿ) ಸಲೀಸಾಗಿ ಜಾರುವುದಿಲ್ಲ, ಬೀಜಕ್ಕೆ ಗಾಯವಾಗುತ್ತದೆ, ಲೋಟದಲ್ಲಿ ಒಗರು ಬರುತ್ತದೆ. ಇದು ಎಲ್ಲರಿಗೂ ಗೊತ್ತು. ಆದರೆ ಕೂಲಿ ಕೆ.ಜಿ. ಲೆಕ್ಕದ್ದಾದರೆ ಕಾಯಿಗೂ ಹಣ್ಣಿಗೂ ಸಮಾನ ಬೆಲೆ. ರೆಂಬೆಯನ್ನೇ ಸವರಿ ಕೊಯ್ದವರಿಗೆ ಲಾಭ, ಆರಿಸಿ ಕೊಯ್ದವರಿಗೆ ನಷ್ಟ. ಹೀಗೆ ಮಾಡಿಟ್ಟು ‘ಕಾರ್ಮಿಕರಲ್ಲಿ ನಿಷ್ಠೆಯಿಲ್ಲ’ ಎಂದು ದೂರುವುದು ಸರಿಯಲ್ಲ. ಮಾಲೀಕರು ತೂಕದ ಹೊತ್ತಿಗೆ ಪ್ರತಿ ಚೀಲದಿಂದ ನೂರು ಕಾಯಿ ತಟ್ಟೆಗೆ ಸುರಿಸಿ ಹಸಿರು ಎಷ್ಟೆಂದು ಎಣಿಸಲಿ. ಹಣ್ಣಿನ ಪಾಲು ಹೆಚ್ಚಿದ್ದರೆ ಅದಕ್ಕೆ ತಕ್ಕ ಹೆಚ್ಚುವರಿ ಕೂಲಿಯನ್ನು ಅಲ್ಲೇ ಬರೆದುಕೊಳ್ಳಲಿ.

– ಓದುಗರು, ಚಿಕ್ಕಮಗಳೂರು