ತಿಮಿಂಗಿಲ ಬೇಟೆಗೆ ಅಡ್ಡ ನಿಂತವರು

ಸಂಪಾದಕರೇ,

ತಿಮಿಂಗಿಲ ಬೇಟೆ ಹಡಗಿಗೆ ಅಡ್ಡ ಹೋಗುವವರನ್ನು ಸುಮ್ನೆ ಕಡಲ್ಗಳ್ಳರು ಅಂತ ಕರೆದುಬಿಡುವುದು ಸುಲಭ. ಅವರು ಅಲ್ಲಿಗೆ ಯಾಕೆ ಹೋದರು ಅಂತಲೂ ಕೇಳಬೇಕಲ್ವಾ? ವಾಣಿಜ್ಯ ಬೇಟೆಗೆ 1986ರಿಂದ ಅಂತಾರಾಷ್ಟ್ರೀಯ ತಡೆ ಇದೆ. ಆದರೂ ಜಪಾನ್ ಸಂಶೋಧನೆಯ ಹೆಸರಿನಲ್ಲಿ ಅಂಟಾರ್ಕ್ಟಿಕಾದ ಕಡಲಿಗೆ ಹಡಗು ಕಳಿಸುತ್ತಲೇ ಇತ್ತು, ಆ ಮಾಂಸ ಮಾರಾಟಕ್ಕೂ ಹೋಗುತ್ತಿತ್ತು, ಕೊನೆಗೆ 2014ರಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯವೇ ಅದನ್ನು ನಿಲ್ಲಿಸಲು ಹೇಳಬೇಕಾಯಿತು. 2019ರಲ್ಲಿ ಜಪಾನ್ ಈ ಬೇಟೆಯನ್ನು ನಿಯಂತ್ರಿಸುವ ಅಂತಾರಾಷ್ಟ್ರೀಯ ತಿಮಿಂಗಿಲ ಆಯೋಗವನ್ನೇ ಬಿಟ್ಟು, ತನ್ನ ಕಡಲಲ್ಲಿ ಬಹಿರಂಗವಾಗಿ ಬೇಟೆ ಶುರು ಮಾಡಿತು.

ನನ್ನನ್ನು ಜಾಸ್ತಿ ಕಾಡುವುದು ಕೊಲ್ಲುವ ರೀತಿ. ಅಲುಗಾಡುವ ಹಡಗಿನಿಂದ, ಈಜುತ್ತಿರುವ ಪ್ರಾಣಿಗೆ, ಮೈಯೊಳಗೆ ಹೊಕ್ಕು ಸಿಡಿಯುವ ಈಟಿ ಹೊಡೆಯುತ್ತಾರೆ. ಗುರಿ ತಪ್ಪಿದರೆ ಅದು ನಿಮಿಷಗಟ್ಟಲೆ ಒದ್ದಾಡುತ್ತದೆ. ಹೊಟ್ಟೆಪಾಡಿಗೆ ಬೇಟೆಯಾಡುವ ಉತ್ತರ ಧ್ರುವದ ಮೂಲನಿವಾಸಿಗಳ ಮಾತು ಬೇರೆ, ಅವರನ್ನು ಇದರಲ್ಲಿ ಎಳೆಯಬಾರದು.

ಹಾಗಂತ ಪ್ರತಿಭಟನೆಯಲ್ಲಿ ಎಲ್ಲವೂ ಸರಿ ಅನ್ನಲಾರೆ. ಅಡ್ಡ ನಿಲ್ಲಲಿ, ಚಿತ್ರೀಕರಿಸಲಿ. ಆದರೆ ಹಿಮದ ಕಡಲಲ್ಲಿ ಹಡಗಿನ ಪ್ರೊಪೆಲ್ಲರ್‌ಗೆ ಹಗ್ಗ ಸಿಕ್ಕಿಸುವುದು ನಾವಿಕರ ಜೀವದ ಜೊತೆ ಆಟ. 2010ರಲ್ಲಿ ಪ್ರತಿಭಟನಾಕಾರರ ಆಡಿ ಗಿಲ್ ದೋಣಿ ಜಪಾನಿನ ಹಡಗಿಗೆ ಡಿಕ್ಕಿಯಾಗಿ ಮುರಿದಾಗ ಯಾರೂ ಸಾಯದೆ ಉಳಿದದ್ದೇ ದೊಡ್ಡದು. ಆದರೂ 2024ರಲ್ಲಿ ಗ್ರೀನ್‌ಲ್ಯಾಂಡಿನಲ್ಲಿ ಬಂಧಿಸಿದ್ದ, ಇಂಥ ಪ್ರತಿಭಟನೆಗಳ ಮುಂದಾಳು ಪಾಲ್ ವಾಟ್ಸನ್ ಅವರನ್ನು ಡೆನ್ಮಾರ್ಕ್ ಜಪಾನಿಗೆ ಒಪ್ಪಿಸದೆ ಬಿಡುಗಡೆ ಮಾಡಿದ್ದು ಸರಿಯಾದ ತೀರ್ಮಾನ ಎಂದೇ ನನ್ನ ಅಭಿಪ್ರಾಯ.

— ಒಬ್ಬ ಓದುಗ