ಸಫೈರ್ ಕೊಳವೆ ಮತ್ತು ಪಟ್ಟಿಗಳ ತಯಾರಿಕೆಯಲ್ಲಿ ಬದಲಾವಣೆ

ಬಳ್ಳಾರಿ

ಮಾನ್ಯ ಗ್ರಾಹಕರೆ,

ನಮಸ್ಕಾರಗಳು. ಇದುವರೆಗೆ ತಮಗೆ ಒದಗಿಸುತ್ತಿದ್ದ ಸಫೈರ್ ಕೊಳವೆ ಮತ್ತು ಚಪ್ಪಟೆ ಪಟ್ಟಿಗಳನ್ನು ನಾವು ಹೊರಗಿನಿಂದ ತರಿಸಿದ ಏಕಸ್ಫಟಿಕದ (ಇಡಿಯಾಗಿ ಒಂದೇ ಹರಳಾಗಿರುವ) ಗಟ್ಟಿಗಳಲ್ಲಿ ಕೊರೆದು ತೆಗೆಯುತ್ತಿದ್ದೆವು. ಮೋಹ್ಸ್ ಮಾನದಲ್ಲಿ 9ರಷ್ಟು ಗಡಸಾದ ಈ ವಸ್ತುವನ್ನು ವಜ್ರದ ಉಪಕರಣದಿಂದಲೇ ಕೊರೆಯಬೇಕು. ಕೊಳವೆಯೊಂದಕ್ಕೆ ಗಟ್ಟಿಯ ಬಹುಭಾಗ ಪುಡಿಯಾಗಿ ಹೋಗುತ್ತಿತ್ತು, ಅದರ ಬೆಲೆಯನ್ನು ತಾವೇ ತೆರುತ್ತಿದ್ದಿರಿ. ಮುಂದಿನ ತಿಂಗಳಿನಿಂದ ಇವೆರಡನ್ನೂ ಬೇಕಾದ ಆಕಾರದಲ್ಲೇ ನಮ್ಮ ಕುಲುಮೆಯಲ್ಲಿ ಬೆಳೆಸಲಿದ್ದೇವೆ.

ಈ ವಿಧಾನ ಹೊಸದಲ್ಲ. ರಷ್ಯಾದ ಸ್ಟೆಪಾನೋವ್ ಅವರ ಕಲ್ಪನೆಯಾದ ಇದನ್ನು ಅಮೆರಿಕದ ಲಾಬೆಲ್ 1960ರ ದಶಕದಲ್ಲಿ ಸಫೈರ್‌ಗೆ ತಕ್ಕಂತೆ ರೂಪಿಸಿದರು. ಸುಮಾರು 2050 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಅಲ್ಯೂಮಿನಿಯಂ ಆಕ್ಸೈಡ್ (ಸಫೈರ್ ಎಂದರೆ ಇದರದೇ ಹರಳು), ಮಾಲಿಬ್ಡಿನಂ ಲೋಹದ ಅಚ್ಚಿನೊಳಗಿನ ಸಣ್ಣ ಸೀಳಿನಲ್ಲಿ, ಬತ್ತಿಯಲ್ಲಿ ಎಣ್ಣೆ ಏರುವಂತೆ ತಾನೇ ಮೇಲೇರಿ ಅಚ್ಚಿನ ತುದಿಯಲ್ಲಿ ತೆಳುಪದರವಾಗಿ ಹರಡುತ್ತದೆ. ಬೆಳವಣಿಗೆಗೆ ಮೊದಲಾಗುವ ಸಣ್ಣ ಬೀಜದ ಹರಳನ್ನು ಅದಕ್ಕೆ ತಾಗಿಸಿ ನಿಧಾನವಾಗಿ ಎಳೆದರೆ ತುದಿಯ ಅಂಚಿನ ಆಕಾರವೇ ಹರಳಿನ ಆಕಾರವಾಗುತ್ತದೆ. ಬೆಳವಣಿಗೆ ಗಂಟೆಗೆ ಕೆಲವೇ ಸೆಂಟಿಮೀಟರ್. ಮಾಲಿಬ್ಡಿನಂ ಗಾಳಿಯಲ್ಲಿ ಸುಟ್ಟುಹೋಗುವುದರಿಂದ ಕುಲುಮೆಯ ತುಂಬ ಆರ್ಗಾನ್ ಇರಬೇಕು.

ಸಫೈರ್ ಎಂದೊಡನೆ ನೀಲಿಯನ್ನು ನಿರೀಕ್ಷಿಸುವವರು ಇಂದಿಗೂ ಇದ್ದಾರೆ. ಅಪ್ಪಟ ಹರಳಿಗೆ ಬಣ್ಣವಿಲ್ಲ. ಕಬ್ಬಿಣ ಮತ್ತು ಟೈಟೇನಿಯಂ ಸೇರಿದಾಗ ನೀಲಿ ಬರುತ್ತದೆ. ಅದಿರಿನ ಕೆಂಪು ದೂಳು ಕಿಟಕಿಯ ಸರಳಿನ ಮೇಲೂ ಕೂರುವ ನಮ್ಮ ಜಿಲ್ಲೆಯಲ್ಲಿ, ಕಚ್ಚಾವಸ್ತುವಿನ ಕೋಣೆಗೆ ಎರಡು ಬಾಗಿಲು ಹಾಕಿಸಿದ್ದು ಇದೇ ಕಾರಣಕ್ಕೆ.

ಎಳೆದ ಹರಳಿನ ಮೈಮೇಲೆ ಉದ್ದಕ್ಕೂ ನವಿರಾದ ಗೆರೆಗಳು, ಮೈಯ ಕೆಳಗೆ ಸೂಕ್ಷ್ಮ ಗುಳ್ಳೆಗಳು ಕಾಣಬಹುದು. ತಾಪ ಅಳೆಯುವ ಥರ್ಮೋಕಪಲ್ ತಂತಿಗಳ ಕವಚಕ್ಕೆ ಇದರಿಂದ ತೊಂದರೆಯಿಲ್ಲವೆಂಬುದು ನಮ್ಮ ಅಭಿಪ್ರಾಯ. ಆದರೆ ಕ್ಯಾಮೆರಾ ಅಥವಾ ದೂರದಿಂದಲೇ ತಾಪ ಅಳೆಯುವ ಪೈರೋಮೀಟರಿನ ಮುಂದೆ ಕೂರುವ ದುಂಡನೆಯ ಕಿಟಕಿಗಳನ್ನು ಮೊದಲಿನಂತೆಯೇ ಗಟ್ಟಿಯಿಂದ ಕತ್ತರಿಸಿ ಒಪ್ಪ ಹಾಕಿ ಕೊಡುತ್ತೇವೆ. ಸಫೈರ್ ಬೆಳಕನ್ನು ಎರಡಾಗಿ ವಕ್ರೀಭವಿಸುವುದರಿಂದ ಆ ಕಿಟಕಿಗಳಲ್ಲಿ ಹರಳಿನ ದೃಕ್ ಅಕ್ಷವು (ಬೆಳಕು ಎರಡಾಗದೆ ಸಾಗುವ ದಿಕ್ಕು) ಮುಖಕ್ಕೆ ಲಂಬವಾಗಿರಬೇಕು. ಖರ್ಚು ಉಳಿಸಲು ಎಳೆದ ಪಟ್ಟಿಯಲ್ಲೇ ಅವುಗಳನ್ನು ಮಾಡಿಕೊಡಿ ಎಂದು ದಯವಿಟ್ಟು ಕೇಳಬೇಡಿ.

ಪ್ರತಿ ಅಳತೆಗೂ ಬೇರೆ ಅಚ್ಚು ಬೇಕು, ಅಚ್ಚು ಬದಲಿಸಲು ಕುಲುಮೆ ತಣಿಯಬೇಕು. ಆದ್ದರಿಂದ ಒಂದೇ ಅಳತೆಯ ಬೇಡಿಕೆಗಳನ್ನು ಒಟ್ಟುಗೂಡಿಸಿ ಬೆಳೆಸುತ್ತೇವೆ. ಪ್ರತಿ ತಿಂಗಳ 5ನೇ ತಾರೀಖಿನೊಳಗೆ ಹೊರವ್ಯಾಸ, ಒಳವ್ಯಾಸ ಮತ್ತು ಉದ್ದವನ್ನು ಬರೆದು ತಿಳಿಸಬೇಕಾಗಿ ಕೋರಿಕೆ. ಎಳೆತದ ನಡುವೆ ಕರೆಂಟ್ ಹೋದರೆ ಆ ಹರಳು ವ್ಯರ್ಥ, ಹಾಗಾಗಿ ಜನರೇಟರ್ ಇದ್ದರೂ ಬೇಸಿಗೆಯಲ್ಲಿ ಒಂದು ವಾರ ತಡವಾಗಬಹುದು. ಈಗಾಗಲೇ ಒಪ್ಪಿಕೊಂಡ ಬೇಡಿಕೆಗಳನ್ನು ಹಳೆಯ ವಿಧಾನದಲ್ಲೇ, ಹಳೆಯ ಬೆಲೆಗೇ ಪೂರೈಸುತ್ತೇವೆ. ಕೊಳವೆಗಳ ಹೊಸ ದರಪಟ್ಟಿಯನ್ನು ಈ ಪತ್ರದ ಜೊತೆಗೆ ಲಗತ್ತಿಸಲಾಗಿದೆ.

ಇಂತಿ ತಮ್ಮ ವಿಶ್ವಾಸಿ,
ವ್ಯವಸ್ಥಾಪಕರು