ಬೀಗ ಹಾಕಿದ ಬಾಗಿಲು

ಮಾನ್ಯರೇ,

ಕುಡಿತ ಬಿಡಬೇಕು ಅಂತ ಮನಸ್ಸು ಮಾಡುವುದೇ ದೊಡ್ಡ ಮಾತು. ನನ್ನ ತಮ್ಮ ಹಾಗೆ ಮನಸ್ಸು ಮಾಡಿದ ದಿನ, ಆಲ್ಕೊಹಾಲಿಕ್ಸ್ ಅನಾನಿಮಸ್ (ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟ) ಸಭೆಗಳ ಪಟ್ಟಿಯಲ್ಲಿದ್ದ ವಿಳಾಸಕ್ಕೆ ಹೋದರೆ ಬೀಗ ಹಾಕಿತ್ತು. ಸಭೆ ಬೇರೆ ಕಡೆ ಹೋಗಿ ತಿಂಗಳುಗಳೇ ಆಗಿದ್ದವಂತೆ. ಅವನನ್ನು ಮತ್ತೆ ಹೊರಡಿಸಲು ಮೂರು ವಾರ ಬೇಕಾಯಿತು. ಹಾಗಾಗಿ ಹೊರಡುವ ಮುಂಚೆ ಒಮ್ಮೆ ಫೋನ್ ಮಾಡಿ ಕೇಳಿ. 'ಓಪನ್' ಸಭೆಯಾದರೆ ಮನೆಯವರೂ ಜೊತೆಗೆ ಕೂರಬಹುದು. 'ಕ್ಲೋಸ್ಡ್' ಸಭೆ ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ. 1935ರಲ್ಲಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್‌ನಲ್ಲಿ ಶುಲ್ಕವಿಲ್ಲ, ಪೂರ್ತಿ ಹೆಸರೂ ಹೇಳಬೇಕಿಲ್ಲ. ಮಾತಾಡಲೇಬೇಕು ಅಂತಲೂ ಇಲ್ಲ, ಸುಮ್ನೆ ಕೂತು ಕೇಳಿದರೂ ಆಯ್ತು. ಒಂದು ಗುಂಪು ಹಿಡಿಸದಿದ್ದರೆ ಇನ್ನೊಂದು ನೋಡಬಹುದು. ನನ್ನ ತಮ್ಮನಿಗೆ ಹಿಡಿಸಿದ್ದು ಮೂರನೆಯದು! ಪತ್ರಿಕೆಯವರು ವಾರಕ್ಕೊಮ್ಮೆ ಸಭೆಗಳ ಜಾಗ, ಸಮಯ ವಿಚಾರಿಸಿ ಪ್ರಕಟಿಸಬಾರದೇ?

— ಒಬ್ಬ ಓದುಗ